ಪೀಪಾಯಿಯೊಳಗಿನ ಸವತಿ

ಅಕ್ಕಾ,

ಈ ಕಾರ್ಡಿನ ಚಿತ್ರದಲ್ಲಿರುವುದು ನನ್ನ ಸವತಿಯ ಮನೆ. ಗಾಬರಿಯಾಗಬೇಡ, ಮೆಲ್ಬರ್ನ್‌ಗೆ ಬಂದ ಮೇಲೆ ಇವರು ಹೋಗಲು ಶುರು ಮಾಡಿರುವ ಪಬ್ಬು ಅದು. ಅಲ್ಲಿ ಬಿಯರನ್ನು ನಮ್ಮ ದೋಸೆ ಹಿಟ್ಟಿನ ಹಾಗೆ ಪೀಪಾಯಿಯಲ್ಲೇ ಹುದುಗಲು ಬಿಟ್ಟು, ಕೈಪಂಪಿನಿಂದ ಎಳೆದು ಕೊಡುತ್ತಾರೆ. ನಿನ್ನೆ ನನ್ನನ್ನೂ ಕರೆದೊಯ್ದಿದ್ದರು. ಮನೆಯಲ್ಲಿ ಫೋನ್ ನೋಡುತ್ತಲೇ ಊಟ ನುಂಗುವ ಮನುಷ್ಯ, ಅಲ್ಲಿ ಗ್ಲಾಸನ್ನು ಬೆಳಕಿಗೆ ಹಿಡಿದು, ಮೂಸಿ, ಕಣ್ಣು ಮುಚ್ಚಿ, "ಆಹಾ, ಕಿತ್ತಳಿ ಸಿಪ್ಪಿ ಘಮಾ ಐತಿ ನೋಡ" ಎಂದರು! ಮದುವೆಯಾದಾಗಿನಿಂದ ನನ್ನ ಸಾರಿಗೆ ಒಂದು "ಆಹಾ" ಬಂದಿಲ್ಲ. ನನ್ನ ಹೊಟ್ಟೆ ಉರಿದುಹೋಯಿತು.

ಇವತ್ತು ಬೇಕಂತಲೇ ಅಂಥದೇ ಗ್ಲಾಸಿನಲ್ಲಿ ಮಜ್ಜಿಗೆ ಕೊಟ್ಟೆ. ಮೂಸಿದರು, ಕಣ್ಣನ್ನೂ ಮುಚ್ಚಿದರು. ಆಮೇಲೆ, "ಇನ್ನೊಂದ ದಿನಾ ಬಿಟ್ಟಿದ್ರ ಛಲೋ ಆಗ್ತಿತ್ತು" ಎಂದರು.

ಸರಿ, ಊಟವೂ ಒಂದು ದಿನ ಬಿಟ್ಟು ಛಲೋ ಆಗಲಿ ಎಂದು ರಾತ್ರಿ ಒಲೆಯನ್ನೇ ಹಚ್ಚಲಿಲ್ಲ.

ನನ್ನ ಕೆಮ್ಮು ಕಡಿಮೆಯಾಗಿದೆ. ನೀನು ಕಳಿಸಿದ ಶೇಂಗಾ ಚಟ್ನಿಪುಡಿ ತಲುಪಿತು. ಅಡಿಗೆಮನೆಯಲ್ಲಿ ಒಂದೊಂದೇ ಪಾತ್ರೆಯ ಮುಚ್ಚಳ ತೆಗೆಯುವ ಸದ್ದು ಕೇಳುತ್ತಿದೆ. ಹುಡುಕಲಿ. ಚಟ್ನಿಪುಡಿಯ ಡಬ್ಬಿ ನನ್ನ ತೊಡೆಯ ಮೇಲಿದೆ.

ನಿನ್ನ ತಂಗಿ,
ಶೀತಲ