ತಂಬೂರಿಯ ಪಕ್ಕ ಇಡಬೇಡಿ

ಧಾರವಾಡ, ಕ್ರಿ.ಶ. ೨೨೧೮, ಒಣಮಾಸದ ಮೂವತ್ತೆಂಟನೆಯ ದಿನ

ಪೂಜ್ಯ ಸುನಂದಾ ಅಜ್ಜಿಯವರಿಗೆ, ಏಳು ತಲೆಮಾರಿನ ಆಚೆಯ ಮೊಮ್ಮಗಳು ಸೋನೆಯ ನಮಸ್ಕಾರಗಳು. ನಿಮಗಿನ್ನೂ ಮೂವತ್ತು ದಾಟಿಲ್ಲವೆಂದು ಬಲ್ಲೆ, ಅಜ್ಜಿ ಎಂದದ್ದಕ್ಕೆ ಬೇಸರಿಸಬೇಡಿ. ನನ್ನ ಮಾತುಗಳು ವಿಚಿತ್ರ ಅನಿಸಿದರೂ ಕ್ಷಮಿಸಿ. ಒಣಮಾಸವೆಂದರೆ ಫಾಲ್ಗುಣ, ಚೈತ್ರಗಳ ನಡುವೆ ನಾವು ಸೇರಿಸಿಕೊಂಡ ತಿಂಗಳು. ಗಾಳಿಗೆ ತೇವ ಮರಳುವವರೆಗೂ ಅದು ಮುಗಿಯುವುದಿಲ್ಲ. ಮಕ್ಕಳಿಗೆ ಮಳೆ, ಮಂಜಿನ ಹೆಸರಿಡುವುದೂ ಅದಕ್ಕೇ.

ಇಲ್ಲಿ ಓಣಿಗೊಂದು ‘ತೇವಮನೆ’ ಇದೆ. ವಾದ್ಯಗಳು ಬಿರಿಯದಂತೆ ಗಾಳಿಯನ್ನು ಹದವಾಗಿಟ್ಟ ಕೋಣೆ ಅದು. ಹೊರಗೆ ಹಪ್ಪಳ ನೆರಳಲ್ಲೇ ಒಣಗುವ ಕಾಲವಾದ್ದರಿಂದ ವಾದ್ಯಗಳಿಗಿಂತ ಮಂದಿಯೇ ಹೆಚ್ಚು: ತುಟಿ ಒಡೆದ ಮುದುಕರು, ಪಾಠ ಓದುವ ಮಕ್ಕಳು, ಜಗಳವಾಡಿ ಬಂದು ಮೂಲೆಗೊಬ್ಬರು ಕೂರುವ ಗಂಡ ಹೆಂಡತಿ. ಇವರೆಲ್ಲರ ಮೇಲೆ ಕಾವಲಿಗೆ ನಾನಿದ್ದೇನೆ, ಬಾಯಿ ಸ್ವಲ್ಪ ಜೋರು. ನಿಮ್ಮ ಗುರುಗಳು ಕೊಟ್ಟ ತಂಬೂರಿಯೂ ಇಲ್ಲೇ ಇದೆ, ಆದರೆ ಮೂಕವಾಗಿದೆ.

ನಿಮಗದು ನಾಳೆಯ ಮಾತು, ನಮಗೆ ಹಳೆಯ ಕಥೆ; ಆದದ್ದು ಹೀಗಂತೆ. ನಿಮ್ಮ ವಾದ್ಯಗಳ ಕೋಣೆಗೆ ತೇವ ಕೊಡುವ ಯಂತ್ರ ತರಲು ಹೋದ ನೀವು, ಮಂಜು ಉಗುಳುವುದನ್ನೇ ಆರಿಸಿದಿರಿ, ಕೆಲಸ ಕಣ್ಣಿಗೆ ಕಾಣುತ್ತದೆಂದು. ಮನೆಗೆ ತಂದಾಗ ನಿಮ್ಮ ಅತ್ತೆ, “ಗುರುಗಳ ತಂಬೂರಿ ಐತಿ, ಮೊದಲ ಅದಕ್ಕ ಮುಟ್ಟಲಿ, ಆಮ್ಯಾಲ ಉಳಿದಾವಕ್ಕ” ಅಂದರು. ಪಂಕ್ತಿಯಲ್ಲಿ ಹಿರಿಯರಿಗೆ ಮೊದಲು ಬಡಿಸಿದಂತೆ ಯಂತ್ರವನ್ನು ತಂಬೂರಿಗೆ ತಾಗಿಸಿ ಇಟ್ಟಿರಿ. ಅದರ ಸೋರೆ ಬುರುಡೆಯ ಒಂದು ಮಗ್ಗುಲು ನೆನೆದು ಉಬ್ಬಿತು, ಇನ್ನೊಂದು ಒಣಗಿಯೇ ಉಳಿಯಿತು, ನಡುವೆ ಬಿರುಕು ಬಿತ್ತು. ಬೋರ್‌ವೆಲ್ ನೀರಿನ ಉಪ್ಪು ಬಿಳಿ ಪುಡಿಯಾಗಿ ತಂತಿಗಳ ಮೇಲೆ ಕೂತಿತು. ಎಷ್ಟು ಅಂಟಿಸಿದರೂ ನಾದ ಮರಳಲಿಲ್ಲ. ಉಪಚಾರ ಮಾಡಿಯೇ ಕೆಡಿಸಿದವರನ್ನು ಕಂಡರೆ ನಮ್ಮ ಮನೆಯಲ್ಲಿ ಇವತ್ತಿಗೂ “ಮೊದಲ ಅದಕ್ಕ ಮುಟ್ಟಲಿ” ಅನ್ನುತ್ತೇವೆ.

ನಗುತ್ತೇವೆ, ನಿಜ. ಆದರೆ ಮಗುವಿನ ಮೊದಲ ಷಡ್ಜ ಆ ತಂಬೂರಿಗೆ ಕಿವಿಯಿಟ್ಟೇ ಆಗಬೇಕೆಂಬ ಪದ್ಧತಿಯನ್ನು ಬಿಟ್ಟಿಲ್ಲ. ಈಗ ಕಿವಿ ಅದಕ್ಕೆ, ಶ್ರುತಿ ಮಾತ್ರ ಪಕ್ಕದ ಶ್ರುತಿಪೆಟ್ಟಿಗೆಯದ್ದು. ನಿನ್ನೆ ನನ್ನ ಮಗಳು ಇಬ್ಬನಿಯನ್ನು ಅದರ ಮುಂದೆ ಕೂರಿಸಿದೆ. ಬಹಳ ಹೊತ್ತು ಆಲಿಸಿ, “ಅವ್ವಾ, ಇದು ಏನೂ ಅನ್ನವಲ್ದು” ಅಂದಳು. ನನಗೆ ಅಳು ತಡೆಯಲಾಗಲಿಲ್ಲ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ನಾಳೆ ಅಂಗಡಿಯಲ್ಲಿ ಆ ಚೆಂದದ ಮಂಜಿಗೆ ಮರುಳಾಗಬೇಡಿ. ಒದ್ದೆ ಪದರದ ಮೂಲಕ ಗಾಳಿ ಊದುವ ಕುರೂಪಿ ಡಬ್ಬಿಯೊಂದು ಪಕ್ಕದಲ್ಲೇ ಇರುತ್ತದೆ, ನಿಮ್ಮ ಕೋಣೆಯ ಅಳತೆಗೆ ತಕ್ಕದ್ದನ್ನು ತನ್ನಿ. ಅದನ್ನು ಎದುರು ಗೋಡೆಗಿಡಿ. ತಂಬೂರಿಯ ಪಕ್ಕ ತೇವ ಅಳೆಯುವ ಮಾಪಕ ಇರಲಿ, ಮುಳ್ಳು ಐವತ್ತರ ಆಸುಪಾಸು ನಿಂತರೆ ಸಾಕು. ಅತ್ತೆ ಗೊಣಗಿದರೆ ಗೊಣಗಲಿ.

ನೀವು ಹಾಗೆ ಮಾಡಿದರೆ ಇದನ್ನು ಬರೆಯಲು ನನಗೆ ಕಾರಣವೇ ಇರುವುದಿಲ್ಲ, ಕಾಗದ ನಿಮ್ಮ ಕೈಯಿಂದ ಮಾಯವಾದೀತು. ಗಾಬರಿಯಾಗಬೇಡಿ. ಆಗ ಇಲ್ಲಿ ಇಬ್ಬನಿ ಬುರುಡೆಗೆ ಕಿವಿಯಿಟ್ಟು ಕೂತಿರುತ್ತಾಳೆ, ನಾನು ತಂತಿ ಮೀಟುತ್ತಿರುತ್ತೇನೆ.