ನೂರಾ ಹನ್ನೆರಡು ಹೆಬ್ಬೆಟ್ಟು

ಬಿಳಿಚೋಡಿನಲ್ಲಿರುವ ಹೇಮಕ್ಕನಿಗೆ,

ಗೋವಿನಕೋವಿ ಪಕ್ಕದ ನಿಮ್ಮ ಹಳೇ ಊರಿನಿಂದ, ಹಾಲಿನ ಡೈರಿ ಮಾಂತೇಶ ಬರೆಯುವುದು.

ಕಾಗದ ಅಂದಮೇಲೆ ಮೊದಲು ಕ್ಷೇಮ ಸಮಾಚಾರ ಕೇಳಬೇಕು. ಹದಿಮೂರು ವರ್ಷ ಕೇಳದವನು ಈಗ ಕೇಳಿದರೆ ನೀವು ನಕ್ಕುಬಿಡುತ್ತೀರಿ. ಊರಿನ ಮಳೆ ಬೆಳೆ, ಯಾರ ಮನೆಯಲ್ಲಿ ಮದುವೆ, ಯಾರ ಎಮ್ಮೆ ಕರು ಹಾಕಿತು ಎಂದೆಲ್ಲ ಬರೆದು, ಹೇಳಬೇಕಾದ್ದನ್ನು ನುಂಗಿಕೊಂಡು ಕವರಿಗೆ ಅಂಟು ಹಚ್ಚುವ ಬುದ್ಧಿ ನನ್ನದು. ಅದಕ್ಕೇ ಮೊದಲು ಅದನ್ನೇ ಬರೆದುಬಿಡುತ್ತೇನೆ. ಹೇಮಕ್ಕ, ಆ ಮನವಿಪತ್ರಕ್ಕೆ ನೂರಾ ಹನ್ನೆರಡು ಹೆಬ್ಬೆಟ್ಟು ಒತ್ತಿದವನು ನಾನು. ನಾನೊಬ್ಬನೇ.

ಇದು ನಿಮಗೆ ಹೊಸ ಸುದ್ದಿಯಲ್ಲ ಎಂದು ನನಗೆ ಗೊತ್ತು. ಆದರೆ ನನ್ನ ಬಾಯಿಂದ ಬಂದಿರಲಿಲ್ಲವಲ್ಲ.

ನ್ಯಾಮತಿಯನ್ನು ತಾಲ್ಲೂಕು ಮಾಡಿ ಎಂದು ಆಗ ಊರೂರಲ್ಲಿ ಮೀಟಿಂಗು ನಡೆಯುತ್ತಿತ್ತು. ನೀವು ಪಂಚಾಯ್ತಿ ಮೆಂಬರು. ಡೈರಿ ಮುಂದೆ ಹಾಲಿನ ಕ್ಯಾನು ಬೋರಲು ಹಾಕಿ, ಅದರ ಮೇಲೆ ನಿಂತು ಮಾತಾಡಿದ್ದಿರಿ. "ನಮ್ಮ ತವರಿನೋರಿಗೆ ಚಿತ್ರದುರ್ಗ ದೊಡ್ಡೂರು, ನಿಮಗೆ ಶಿವಮೊಗ್ಗ. ಇಬ್ಬರನ್ನೂ ಎತ್ತಿ ದಾವಣಗೆರೆ ಜಿಲ್ಲೆಗೆ ಹಾಕಿದ್ರು, ಆತು ಅಂದ್ವಿ. ಈಗ ನಮ್ಮ ಹಾಲು ಶಿವಮೊಗ್ಗಕ್ಕೆ ಹೋಗ್ತೈತೆ, ಫೈಲು ದಾವಣಗೆರೆಗೆ ಹೋಗ್ತೈತೆ, ನಾವು ಕೈ ಮುಗಿಯಾಕೆ ಬೆಂಗಳೂರಿಗೆ ಹೋಗ್ಬೇಕು. ಎಲ್ಲ ಇಲ್ಲಿಂದ ಹೋಗಾದೇ ಆತಲ್ರೀ, ಅಲ್ಲಿಂದ ಇಲ್ಲಿಗೆ ಬರಾದು ಯಾವಾಗ?" ಎಂದಿರಿ. ಜನ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ.

ಪಾಲಣ್ಣಜ್ಜ ಎದ್ದು ನಿಂತು ತನ್ನ ಹಳೇ ರಾಗ ತೆಗೆದ. "ಏಕೀಕರಣ ಆದಾಗ ದಾವಣಗೆರೇನೇ ರಾಜಧಾನಿ ಮಾಡಾನ ಅಂದಿದ್ರಂತೆ ಕಣವ್ವಾ, ನಟ್ಟನಡುವೆ ಐತೆ ಅಂತ. ಮಾಡಿದ್ದಿದ್ರೆ ಬೆಳಿಗ್ಗೆ ಹೋಗಿ ಮಧ್ಯಾಹ್ನದ ಮುದ್ದೆಗೆ ಮನೇಲಿರ್ತಿದ್ವಿ!" ಎಲ್ಲರೂ ನಕ್ಕರು. ನೀವು ನಗಲಿಲ್ಲ. "ರಾಜಧಾನಿ ಎಲ್ಲಾರ ಇರ್ಲಿ ಅಜ್ಜಾ. ನಮ್ಮ ಕೈಬರಹ ಅಲ್ಲಿಗೆ ಮುಟ್ಬೇಕು" ಎಂದಿರಿ.

ಆ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಮೂರು ತಿಂಗಳಿಂದ ದಿನಾ ಸಂಜೆ ಶಾಲೆಯ ಜಗಲಿಯಲ್ಲಿ ಸಂಘದ ಹೆಂಗಸರನ್ನು ಕೂರಿಸಿ ಸಹಿ ಮಾಡಲು ಕಲಿಸುತ್ತಿದ್ದಿರಿ. ನಲವತ್ತು ಜನ. ಗಾದ್ರಮ್ಮನ ಸ್ಲೇಟು ನೆನಪಿದೆಯಾ? 'ಗಾ' ಬರುತ್ತಿತ್ತು, 'ಮ್ಮ' ಬರುತ್ತಿತ್ತು, ನಡುವಿನ 'ದ್ರ' ಮಾತ್ರ ಎಷ್ಟು ತಿದ್ದಿದರೂ ಕಪ್ಪೆಯ ಹಾಗೆ ಕಾಲು ಚಾಚಿಕೊಳ್ಳುತ್ತಿತ್ತು. ಕಡೆಗೊಂದು ದಿನ ಅದು ಸರಿಯಾಗಿ ಕೂತಾಗ, ಆಕೆ ಸ್ಲೇಟನ್ನು ಎದೆಗೆ ಅವುಚಿಕೊಂಡು ಬೀದಿಯಲ್ಲೆಲ್ಲ ತೋರಿಸಿ ಬಂದಿದ್ದಳು. ಅವರೆಲ್ಲರ ಸಹಿ ಮೊದಲ ಸಲ ಊರಾಚೆ ಹೋಗಬೇಕಾಗಿದ್ದು ಆ ಮನವಿಯಲ್ಲಿ.

ನೀವು ಹಾಳೆಗಳನ್ನು ನನ್ನ ಕೈಗೆ ಕೊಟ್ಟು, "ಮಾಂತೇಶ, ಒಂದೊಂದು ಮನೆಗೂ ಹೋಗು. ಸೈನ್ ಬರೋ ಹೆಣ್ಮಕ್ಕಳ ಹತ್ರ ಸೈನೇ ಮಾಡಿಸು. ತಡ ಆದ್ರೆ ಆಗ್ಲಿ, ಕುಂತು ಕಾಯಿ" ಎಂದಿರಿ. ನಾನು ಒಂದು ಮನೆಗೂ ಹೋಗಲಿಲ್ಲ. ಅವತ್ತು ಕ್ರಿಕೆಟ್ ಮ್ಯಾಚ್ ಇತ್ತು. ಅಷ್ಟೇ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಹೇಳಿಕೊಳ್ಳಲಾದರೂ ಒಂದು ಮರ್ಯಾದೆ ಇರುತ್ತಿತ್ತು. ಟಿವಿ ಮುಂದೆ ಕೂತು ಮತದಾರರ ಪಟ್ಟಿ ನೋಡಿ ಹೆಸರು ಬರೆದೆ. ಡೈರಿಯ ಇಂಕ್ ಪ್ಯಾಡ್ ತೊಡೆಯ ಮೇಲಿತ್ತು. ಓವರ್ ಮುಗಿದು ಜಾಹೀರಾತು ಬಂದಾಗಲೆಲ್ಲ ಐದಾರು ಒತ್ತುತ್ತಿದ್ದೆ. ಹೆಬ್ಬೆಟ್ಟು, ತೋರುಬೆರಳು, ಒಮ್ಮೆ ನೆಟ್ಟಗೆ, ಒಮ್ಮೆ ಓರೆ. ಬಹಳ ಜಾಣನೆಂದುಕೊಂಡಿದ್ದೆ. ಎಲ್ಲಕ್ಕಿಂತ ಮೇಲೆ ನನ್ನ ಸಹಿ ಮಾತ್ರ ಠೀವಿಯಿಂದ ಹಾಕಿದ್ದೆ, ನೋಡಿ! ನೀವು ಬಿಚ್ಚಿ ನೋಡಬಾರದೆಂದು ಕವರಿಗೆ ಅಂಟು ಹಚ್ಚಿ, ನಿಮ್ಮ ಬೆಂಗಳೂರು ಬಸ್ಸು ಹೊರಡುವ ಹೊತ್ತಿಗೆ ಸರಿಯಾಗಿ ಹೊನ್ನಾಳಿ ಸ್ಟ್ಯಾಂಡಿಗೆ ತಂದುಕೊಟ್ಟೆ. "ಎಲ್ಲಾ ಆತಾ?" ಎಂದಿರಿ. "ಆತಕ್ಕ" ಎಂದೆ.

ಬೆಂಗಳೂರಿನಲ್ಲಿ ಆದದ್ದನ್ನು ಜೊತೆಗೆ ಬಂದಿದ್ದ ಮೆಂಬರ್ ಹನುಮಣ್ಣ ಹೇಳಿದ. ಯಾವುದೋ ದೊಡ್ಡ ಕಚೇರಿಯಲ್ಲಿ ಮಧ್ಯಾಹ್ನದವರೆಗೆ ಕಾದು, ಕಡೆಗೊಬ್ಬ ಗುಮಾಸ್ತನ ಮೇಜಿನ ಮುಂದೆ ಕವರು ಒಡೆದಿರಿ. ಆತ ಹಾಳೆ ತಿರುವಿ ಹಾಕಿ, "ಏನಮ್ಮಾ, ನಿಮ್ಮೂರ್ನಲ್ಲಿ ಎಲ್ರಿಗೂ ಹೆಬ್ಬೆಟ್ಟಿನ ಒಂದೇ ಜಾಗದಲ್ಲಿ ಗಾಯ ಆಗಿದ್ಯಾ?" ಎಂದು ಹಾಳೆಗಳನ್ನು ನಿಮ್ಮತ್ತಲೇ ವಾಪಸ್ ತಳ್ಳಿದನಂತೆ. ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ನೀವು ಮಾತ್ರ ಆ ನಗುವನ್ನು ಕೇಳಿಸಿಕೊಳ್ಳದೆ, ಗಾದ್ರಮ್ಮನ ಹೆಸರಿನ ಮುಂದೆ ಬೆರಳಿಟ್ಟುಕೊಂಡು, "ಇವಳಿಗೆ ಸೈನ್ ಬರ್ತೈತೆ, ಇವಳಿಗೆ ಸೈನ್ ಬರ್ತೈತೆ" ಎಂದು ಎರಡು ಸಲ ಹೇಳಿದಿರಂತೆ. ಇದನ್ನು ಹನುಮಣ್ಣ ತಮಾಷೆಯಾಗಿ ಹೇಳಿದ. ನಾನು ಡೈರಿಯೊಳಗೆ ಹಾಲು ಅಳೆಯುತ್ತಾ ಕೇಳಿಸಿಕೊಂಡೆ.

ಆ ಗಾಯದ ಗೆರೆ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀವು ಮದುವೆಯಾಗಿ ಬಂದ ಹೊಸತು, ನಾನು ಹುಲ್ಲು ಕೊಯ್ಯಲು ಹೋಗಿ ಎಡಗೈ ಹೆಬ್ಬೆಟ್ಟನ್ನೇ ಕುಡುಗೋಲಿಗೆ ಕೊಟ್ಟು ಅಳುತ್ತಾ ಬಂದಾಗ, ಅರಿಶಿನ ಮೆತ್ತಿ ಹಳೇ ಸೀರೆಯ ಚಿಂದಿ ಕಟ್ಟಿದವರು ನೀವೇ. ಬೆಂಗಳೂರಿನಿಂದ ಬಂದ ಬೆಳಿಗ್ಗೆ ಬ್ಯಾಗನ್ನೂ ಇಳಿಸದೆ ಡೈರಿಗೆ ಬಂದಿರಿ. ಬೈಯುತ್ತೀರಿ ಎಂದುಕೊಂಡಿದ್ದೆ. "ಮಾಂತೇಶ, ನೀನು ಸಣ್ಣೋನಿದ್ದಾಗ ಬೆರಳು ಕೊಯ್ಕಂಡಿದ್ಯಲ್ಲ, ಯಾವ ಕೈಯಪ್ಪಾ ಅದು?" ಎಂದಿರಿ. ಮೆಲ್ಲಗೆ, ಯಾರಿಗೂ ಕೇಳದ ಹಾಗೆ. ನಾನು ಎಡಗೈಯನ್ನು ಲುಂಗಿಯೊಳಗೆ ಮುಚ್ಚಿಕೊಂಡು, "ನೆನಪಿಲ್ಲಕ್ಕ" ಎಂದೆ. ನೀವು ಆ ಲುಂಗಿಯ ಮಡಿಕೆಯನ್ನೊಮ್ಮೆ ನೋಡಿ, "ಮಾಯ್ತಲ್ಲ, ಬಿಡು" ಎಂದು ಹೋದಿರಿ. ತಪ್ಪೊಪ್ಪಿಕೊಳ್ಳಲು ಇಷ್ಟು ಸಲೀಸಾಗಿ ಬಾಗಿಲು ತೆಗೆದುಕೊಟ್ಟವರು ನನ್ನ ಜೀವನದಲ್ಲಿ ಬೇರೆ ಯಾರೂ ಇಲ್ಲ. ಹೆದರುಪುಕ್ಕಲ ನಾನು, ಒಳಗೆ ಕಾಲಿಡಲಿಲ್ಲ.

ಆಮೇಲಿನದು ಇನ್ನೂ ಕೆಟ್ಟದ್ದು. ಊರವರು ಬಂದು ಕೇಳಿದಾಗ, "ನಂಗೇನು ಗೊತ್ತು? ನನ್ನ ಸೈನೊಂದು ಹಾಕಿ, ಉಳಿದಿದ್ದು ಖಾಲಿ ಹಾಳೇನೇ ಹೇಮಕ್ಕನ ಕೈಗೆ ವಾಪಸ್ ಕೊಟ್ಟಿದ್ದೆ" ಎಂದೆ. ಮೊದಲು ಮಾಡಿದ್ದು ಸೋಮಾರಿತನ ಅನ್ನೋಣ, ಇದು ಮಾತ್ರ ಪಾಪ. ನಿಮಗೆ 'ಹೆಬ್ಬೆಟ್ಟಮ್ಮ' ಎಂದು ಹೆಸರಿಟ್ಟರು. ಅಕ್ಷರ ಕಲಿಸಿದವರಿಗೆ ಆ ಹೆಸರು! ಅಧ್ಯಕ್ಷೆ ಆಗಬೇಕಿದ್ದವರು ರಾಜೀನಾಮೆ ಕೊಟ್ಟಿರಿ. ಅದಕ್ಕಿಂತ ಹೆಚ್ಚು ನನ್ನನ್ನು ತಿನ್ನುವುದು ಆ ಹೆಂಗಸರು. "ನಮ್ಮನ್ನ ಮೂರು ತಿಂಗಳು ತಿದ್ದಿಸಿ, ಕಡೀಗೆ ನಮ್ಮ ಹೆಸರಿಗೆ ಹೆಬ್ಬೆಟ್ಟು ಒತ್ಯಾಳೆ" ಎಂದು ಗಾದ್ರಮ್ಮ ಬಾವಿಕಟ್ಟೆಯ ಹತ್ತಿರ ಅತ್ತಳು. ಮಾರನೇ ದಿನ ಶಾಲೆಯ ಜಗಲಿಗೆ ಯಾರೂ ಬರಲಿಲ್ಲ. ನೀವೊಬ್ಬರೇ ಚಾಪೆ ಹಾಸಿಕೊಂಡು ಕತ್ತಲಾಗುವವರೆಗೆ ಕೂತಿದ್ದನ್ನು ನಾನು ಡೈರಿ ಕಿಟಕಿಯಿಂದ ನೋಡಿದೆ. ವರ್ಷ ತುಂಬುವುದರೊಳಗೆ ನೀವು ತವರು ಬಿಳಿಚೋಡಿಗೆ ಹೋಗಿಬಿಟ್ಟಿರಿ. ಗೊತ್ತಿದ್ದ ನಿಜವನ್ನು ನುಂಗಿಕೊಂಡೇ ಹೋದಿರಿ, ನನ್ನ ಹೆಸರೆತ್ತಲಿಲ್ಲ.

ನ್ಯಾಮತಿ ತಾಲ್ಲೂಕಾಯಿತು. ನಮ್ಮ ಹಾಳೆ ಮುಟ್ಟದಿದ್ದರೂ ಆಯಿತು. ಈಗ ತಹಶೀಲ್ದಾರರ ಕಚೇರಿ ಹತ್ತಿರವೇ ಇದೆ, ಬೆಂಗಳೂರೂ ಅಷ್ಟು ದೂರವಿಲ್ಲ. ಮೊದಲು ನಾವು ರಾಜಧಾನಿಗೆ ಹೋಗುತ್ತಿದ್ದೆವು, ಈಗ ಅದೇ ಒಂದು ಅಂಗೈ ಅಗಲದ ಮಿಷನ್ನಾಗಿ ರೇಷನ್ ಅಂಗಡಿಗೆ ಬಂದು ಕೂತಿದೆ. ಮೊನ್ನೆ ಅದಕ್ಕೆ ಬೆರಳು ಕೊಡಲು ಹೋಗಿದ್ದೆ. ಒರೆಸಿ ಇಟ್ಟೆ, ಒದ್ದೆ ಮಾಡಿ ಇಟ್ಟೆ, ಹತ್ತೂ ಬೆರಳು ಇಟ್ಟೆ. ಅಂಗಡಿಯವನು, "ಅಣ್ಣಾ, ಕ್ಯಾನು ತೊಳೆದೂ ತೊಳೆದೂ ನಿಮ್ ಬೆರಳು ಸವೆದೈತೆ, ತಗಳ್ತಿಲ್ಲ" ಎಂದ. ಊರಿಗೆಲ್ಲ ಸಾಕಾಗಿದ್ದ ಬೆರಳು ಈಗ ನನಗೊಬ್ಬನಿಗೂ ಆಗಲಿಲ್ಲ. ನನ್ನ ಹಿಂದೆ ಗಾದ್ರಮ್ಮ ನಿಂತಿದ್ದಳು. "ನಂಗೆ ಸೈನ್ ಮಾಡಾಕೆ ಬರ್ತೈತೆ, ಈ ಮಿಷನ್ನಿಗೆ ಅದು ಬ್ಯಾಡಂತೆ. ಮತ್ತೆ ಹೆಬ್ಬೆಟ್ಟೇ ಆತು ನೋಡು ನಮ್ಮ ಬಾಳು" ಎಂದಳು. ನಗುತ್ತಲೇ ಅಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಆಕೆಯನ್ನು ಹೊರಗೆ ಕರೆದು ಎಲ್ಲ ಹೇಳಿಬಿಟ್ಟೆ.

ಆಕೆ ಚೀಲವನ್ನು ಕೆಳಗಿಟ್ಟು, "ಹದಿಮೂರು ವರ್ಷ ಆಯಮ್ಮನ್ನ ಬೈಕಂಡು ತಿರುಗಿದೀನಲ್ಲೋ ಪಾಪಿ!" ಎಂದು ನನ್ನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ, "ಬರಿ. ಅಕ್ಕಂಗೆ ಕಾಗದ ಬರಿ. ಬರೆದು ನಂಗೆ ಓದಿ ಹೇಳು" ಎಂದಳು.

ಬರುವ ಭಾನುವಾರ ನ್ಯಾಮತಿಯಲ್ಲಿ ತಾಲ್ಲೂಕು ಹೋರಾಟಗಾರರಿಗೆ ಸನ್ಮಾನ. ಮೀಟಿಂಗಿಗೆಲ್ಲ ಓಡಾಡಿದವನೆಂದು ಪಟ್ಟಿಯಲ್ಲಿ ನನ್ನ ಹೆಸರಿದೆ, ನಿಮ್ಮದಿಲ್ಲ. ವೇದಿಕೆ ಹತ್ತಿ, ಶಾಲು ಬೇಡವೆಂದು, ಈ ಕಾಗದದಲ್ಲಿರುವುದನ್ನೇ ಹೇಳುತ್ತೇನೆ. ಆದರೆ ನನ್ನ ನಾಲಿಗೆ ನಿಮಗೂ ಗೊತ್ತು, ನನಗೂ ಗೊತ್ತು. ಮೈಕು ಕೈಗೆ ಬಂದಾಗ ಹೊರಳಿಬಿಡಬಹುದು. ಅದಕ್ಕೆ ಇದರ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ, ನನ್ನ ಹತ್ತು ಬೆರಳಿನ ಗುರುತು. ಗೆರೆ ಸವೆದಿದ್ದರೂ ಕುಡುಗೋಲಿನ ಗಾಯ ಸ್ಪಷ್ಟವಾಗಿ ಬಿದ್ದಿದೆ. ಆ ಹಳೇ ಮನವಿ ನಿಮ್ಮ ಹತ್ತಿರ ಇನ್ನೂ ಇದ್ದರೆ ಹೊಂದಿಸಿ ನೋಡಿ. ನಾನು ಸುಮ್ಮನಾದೆನೆಂದು ತಿಳಿದರೆ ಎರಡನ್ನೂ ಊರಿಗೆ ತಂದು ಡೈರಿ ಬಾಗಿಲಿಗೆ ಅಂಟಿಸಿ. ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ.

ಕಾಗದ ಪೂರ್ತಿ ಗಾದ್ರಮ್ಮನಿಗೆ ಓದಿ ಹೇಳಿದೆ. ಸಾಕ್ಷಿ ಹಾಕುತ್ತೇನೆಂದು ಪೆನ್ನು ಕಿತ್ತುಕೊಂಡು, ಹಾಳೆಯ ಕೆಳತುದಿಯಲ್ಲಿ ನಿಧಾನಕ್ಕೆ ಸಹಿ ಮಾಡಿ ಪೆನ್ನು ವಾಪಸ್ ಕೊಟ್ಟಳು. ಕುಂತು ಕಾಯಿ ಎಂದಿದ್ದಿರಿ, ಇವತ್ತು ಕಾದೆ. ನಿಮ್ಮನ್ನು ಹರಸುವ ವಯಸ್ಸು ನನ್ನದಲ್ಲ, ಯೋಗ್ಯತೆಯೂ ಇಲ್ಲ. "ಅಕ್ಕ ಎಲ್ಲಿದ್ರೂ ತಣ್ಣಗಿರ್ಲಿ ಅಂತ ಬರಿ" ಎಂದು ಆಕೆಯೇ ಹೇಳುತ್ತಿದ್ದಾಳೆ, ಬರೆದಿದ್ದೇನೆ. 'ದ್ರ' ಈಗಲೂ ಸ್ವಲ್ಪ ಕಾಲು ಚಾಚಿದೆ. ಒಮ್ಮೆ ಬಂದು ತಿದ್ದಿಕೊಡಬೇಕಂತೆ.

ನಿಮ್ಮ ಕೈಯ ಅರಿಶಿನದಿಂದ ಗಾಯ ಮಾಯಿಸಿಕೊಂಡವನು,
ಮಾಂತೇಶ

ಸಾಕ್ಷಿ:
ಗಾದ್ರಮ್ಮ