ಲಕ್ಷದ್ವೀಪದ ಹಡಗಿನಲ್ಲಿ ನನ್ನ ಜಾಗ

ಕೋಡಿಬಾಗ, ಕಾರವಾರ
೧೮ ಫೆಬ್ರವರಿ ೨೦೦೭

ಪ್ರೀತಿಯ ಹೀರಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದ ನನ್ನನ್ನು ಅಂಕೋಲೆಯಲ್ಲಿ ಕುಳಿತು ಬೈಯುತ್ತಿರುತ್ತೀ ಎಂದು ನನಗೆ ಗೊತ್ತು. ಬೈದುಕೋ, ಅದರಲ್ಲಿ ತಪ್ಪೇನಿಲ್ಲ. ಫೋನು ಮಾಡೋಣವೆಂದರೆ ನಿನ್ನ ಕಿವಿಯ ಸಂಗತಿ ಊರಿಗೇ ಗೊತ್ತು. ಹೋದ ಸಲ ನಾನು ಇಲ್ಲಿಂದ ಕೂಗಿದ್ದಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಏನಾಯಿತೆಂದು ಓಡಿ ಬಂದರು, ನಿನಗೆ ಮಾತ್ರ ಒಂದಕ್ಷರ ಕೇಳಲಿಲ್ಲ. ಹಾಗಾಗಿ ಮತ್ತೆ ಪೆನ್ನು ಹಿಡಿದಿದ್ದೇನೆ. ಬಾಲವಾಡಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಈಗ ತಾನೇ ಓರೆಕೋರೆ ಬರೆಯುತ್ತಿದೆ. ನಗಬೇಡ.

ಕವಿತಾ ಹೇಗಿದ್ದಾಳೆ? ಕೂಸು ರಾತ್ರಿ ಮಲಗಲು ಬಿಡುತ್ತದೆಯೇ? ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ಬೇರು ಬಿಟ್ಟೆಯಲ್ಲ, ಇಲ್ಲಿ ನಿನ್ನ ಮನೆಯ ಅಂಗಳದಲ್ಲಿ ಹುಲ್ಲು ಮೊಣಕಾಲಿಗೆ ಬಂದಿದೆ. ಮಾದೇವಿ ಆಗಾಗ ಹೋಗಿ ತುಳಸಿಗೆ ನೀರು ಹಾಕಿ ಬರುತ್ತಾಳೆ. ಅಷ್ಟರಮಟ್ಟಿಗೆ ಚಿಂತೆ ಬೇಡ.

ನಾವೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯುವುದು ರೂಢಿ, ಆದರೆ ಈ ಸಲ ಕೈ ಏಳುತ್ತಿಲ್ಲ. ದಣಿದಿದ್ದೇನೆ ಹೀರಾ. ಬೆಳಿಗ್ಗೆ ಏಳುವಾಗಲೇ ದಣಿದಿರುತ್ತೇನೆ. ಅನ್ನಕ್ಕೆ ಅಕ್ಕಿ ತೊಳೆದಿಟ್ಟು, ತೊಳೆದೆನೋ ಇಲ್ಲವೋ ಎಂದು ಮತ್ತೆ ತೊಳೆಯುತ್ತೇನೆ. ನಮ್ಮವರ ಕಾಯಿಲೆ ಅಂಟುವಂಥದ್ದಲ್ಲ ಎಂದು ಡಾಕ್ಟರು ಹೇಳುತ್ತಾರೆ. ನನಗೆ ಆಗಾಗ ಸಂಶಯ ಬರುತ್ತದೆ.

ನಮ್ಮವರು ನೀನು ನೋಡಿದಾಗಿನಂತೆ ಇಲ್ಲ. ಆಗ ಹೆಸರು ಮರೆಯುತ್ತಿದ್ದರು, ಕನ್ನಡಕ ಎಲ್ಲಿಟ್ಟೆನೆಂದು ಹುಡುಕುತ್ತಿದ್ದರು, ಅಷ್ಟೇ. ಈಗ ಅವರು ಮನೆಯಲ್ಲೇ ಇಲ್ಲ, ಹಡಗಿನಲ್ಲಿದ್ದಾರೆ. ಸರಕಿನ ಹಡಗುಗಳಲ್ಲಿ ಖಲಾಸಿಗಳ ಮೇಲಿನ ಸಾರಂಗನಾಗಿ ಆಯುಷ್ಯವೆಲ್ಲ ಕಳೆದವರಲ್ಲವೇ? ಮಳೆಗಾಲ ಮುಗಿದ ಮೇಲೆ ಒಂದು ದಿನ ಎದ್ದವರೇ ಜಗಲಿಯ ಕಟ್ಟೆ ಹಿಡಿದು ನಿಂತು, "ಗಾಳಿ ಯಾವ ಕಡೆಯಿಂದ?" ಎಂದು ನನ್ನನ್ನೇ ಕೇಳಿದರು. ಜಗಲಿ ಅವರಿಗೆ ಡೆಕ್ಕು, ಮಂಚ ಬಂಕು, ನಾನು ಅಡುಗೆಯ ಭಂಡಾರಿ. ಸಾರು ಚೆನ್ನಾಗಿದ್ದರೆ "ಈ ಸಾರಿ ಭಂಡಾರಿ ಅಡ್ಡಿಲ್ಲ" ಎನ್ನುತ್ತಾರೆ. ಇಷ್ಟು ವರ್ಷ ಅಡುಗೆ ಮಾಡಿ ಹಾಕಿದ್ದಕ್ಕೆ ಈಗ ಸಿಕ್ಕ ಸರ್ಟಿಫಿಕೇಟು ಅದು.

ವಾದ ಮಾಡಬೇಡಿ, ಅವರು ಹೇಳಿದಂತೆ ಹೂಂಗುಟ್ಟಿ ಎಂದು ಡಾಕ್ಟರು ಹೇಳಿದ್ದಾರೆ. ನನಗೆ ಅದು ಒಗ್ಗಲಿಲ್ಲ. ನಮ್ಮ ಹಡಗಿನ ಬಳಗಕ್ಕೆ ಮಾತ್ರ ಹೇಳಿ ಮಾಡಿಸಿದ ಹಾಗಾಯಿತು. ಮೊದಲೇ ಹಡಗಿನ ಹುಚ್ಚರು. ಗೋವೆಯ ಬಂದರಿಗೆ ಪ್ರವಾಸಿಗಳ ಬಿಳಿ ಹಡಗು ಬಂತೆಂದು ಗೊತ್ತಾದರೆ ಬಸ್ಸು ಹತ್ತಿ ಹೋಗಿ, ಗೇಟಿನ ಹೊರಗೆ ನಿಂತು ನೋಡಿ, ಬುತ್ತಿ ಬಿಚ್ಚಿ ತಿಂದು ಬರುವವರು. ಪ್ರತಿ ಭಾನುವಾರ ತುಳಸಿದಾಸನ ದೋಣಿಯಲ್ಲಿ ಕಾಳಿ ನದಿಯ ಮೇಲೆ ಕದ್ರಾ ಕಡೆಗೋ, ಅಳಿವೆ ದಾಟಿ ದ್ವೀಪಗಳ ಕಡೆಗೋ ಹೊರಡುವವರು. ಇಂಥವರಿಗೆ ನಮ್ಮ ಮನೆಯೇ ಹಡಗಾದರೆ ಕೇಳಬೇಕೇ! ಪಾಳಿ ಹಚ್ಚಿಕೊಂಡುಬಿಟ್ಟರು. ಬೆಳಗಿನ ಪಾಳಿ ತುಳಸಿದಾಸನದು. ಬಂದರಿನ ಲಾಂಚು ನಡೆಸಿ ನಿವೃತ್ತನಾದವನು, ನಮ್ಮವರ ಭಾಷೆ ಅವನಿಗೆ ಚೆನ್ನಾಗಿ ಗೊತ್ತು. ಮೀನು ಮಾರಿ ಮುಗಿಸಿ ಬುಟ್ಟಿ ತೊಳೆದುಕೊಂಡು ಮಧ್ಯಾಹ್ನ ಮಾದೇವಿ ಬರುತ್ತಾಳೆ. ಬ್ಯಾಂಕು ಮುಗಿಸಿ ಸಂಜೆ ವಿನೋದ. ಬಂದವರು ಹೋಗುವವರಿಂದ ಪಾಳಿ ವಹಿಸಿಕೊಳ್ಳಬೇಕು, ಗಾಳಿ ಎಲ್ಲಿಂದ, ಎದುರಿಗೆ ಯಾವ ಹಡಗು ಎಂದು ಸಾರಂಗರಿಗೆ ವರದಿ ಒಪ್ಪಿಸಬೇಕು. ಮಾದೇವಿ ಮೊದಲ ದಿನ ಗಾಬರಿಯಲ್ಲಿ "ಎದುರಿಗೆ ನಾಗಮ್ಮನ ಎಮ್ಮೆ ಉಂಟು ಸಾರಂಗ" ಎಂದುಬಿಟ್ಟಳು. ನಮ್ಮವರು ಗಂಭೀರವಾಗಿ "ಬಲಕ್ಕೆ ತಿರುಗಿಸು" ಎಂದರು. ಬಹಳ ದಿನಗಳ ಮೇಲೆ ನಾನು ನಕ್ಕಿದ್ದು ಅಂದು.

ಅವರ ಪಾಳಿಯ ಹೊತ್ತಿನಲ್ಲಿ ನಾನು ಸ್ನಾನ ಮಾಡುತ್ತೇನೆ, ರೇಶನ್ನು ತರುತ್ತೇನೆ, ಸುಮ್ಮನೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತೇನೆ. ಮಗಳು ಪ್ರಗತಿ ಹುಬ್ಬಳ್ಳಿಯಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಾಳೆ, ಅವಳಿಗೂ ಸಂಸಾರವಿದೆ. ಈ ಮೂವರು ಇಲ್ಲದಿದ್ದರೆ ನಾನು ಎಂದೋ ಮಲಗಿಬಿಡುತ್ತಿದ್ದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಲಕ್ಷದ್ವೀಪದ ಹಡಗಿನ ಪ್ರವಾಸ ಕಡೆಗೂ ನಿಶ್ಚಯವಾಗಿದೆ. ಏಪ್ರಿಲ್‌ನಲ್ಲಿ. ಇಲ್ಲಿಂದ ರೈಲಿನಲ್ಲಿ ಕೊಚ್ಚಿ, ಅಲ್ಲಿಂದ ಹಡಗು. ರಾತ್ರಿ ಮಲಗುವುದು ಹಡಗಿನಲ್ಲೇ, ಹಗಲು ದ್ವೀಪ ನೋಡುವುದು. ವಿನೋದ ಓಡಾಡಿ ಎಲ್ಲ ಮಾಡಿದ. ಸಾರಂಗರ ಮನೆಯವರೇ ಹಡಗು ಹತ್ತದಿದ್ದರೆ ಹೇಗೆ ಎಂದು ನನ್ನ ಹೆಸರನ್ನೇ ಮೊದಲು ಕೊಟ್ಟಿದ್ದಾನೆ. ನಿನಗೆ ಗೊತ್ತಲ್ಲ, ಸಾರಂಗನ ಹೆಂಡತಿಯಾಗಿ ನಾನು ಹಡಗು ನೋಡಿದ್ದೆಲ್ಲ ದಡದಿಂದ. ಒಮ್ಮೆ ಹತ್ತಬೇಕು, ಅವರು ಇಷ್ಟು ವರ್ಷ ಎಲ್ಲಿದ್ದರು, ಹೇಗಿದ್ದರು ಎಂದು ಒಳಗಿನಿಂದ ನೋಡಬೇಕು ಎಂಬ ಆಸೆ ಮದುವೆಯಾದಾಗಿನಿಂದ ಇತ್ತು. ಅದಕ್ಕೇ ಅಲ್ಲವೇ ನಾನು ಈ ಬಳಗಕ್ಕೆ ಸೇರಿದ್ದು?

ನಮ್ಮವರನ್ನು ಯಾರು ನೋಡಿಕೊಳ್ಳುವುದು ಎಂದು ನಾನು ಕೇಳುವ ಮೊದಲೇ ತುಳಸಿದಾಸ ಹೇಳಿದ: "ವೈನಿ, ನೀವು ಹೋಗಿ ಬನ್ನಿ. ನಾ ಉಳೀತೆ. ನಾ ಹಡಗು ಕಾಣದವನಾ? ಸಾರಂಗರ ಸಂಗ್ತಿ ಇಲ್ಲೇ ಆರಾಮಾಗಿ ಇರ್ತೆ." ಅವನೂ ಈ ಪ್ರವಾಸಕ್ಕೆ ಎಷ್ಟು ಕಾದಿದ್ದ ಎಂದು ನಮಗೆಲ್ಲ ಗೊತ್ತಿತ್ತು. ಮಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು, ಅವಳ ಕಣ್ಣು ಯಾವಾಗಲೂ ತುಂಬಿಯೇ ಇರುತ್ತದೆ ಬಿಡು.

ಉಳಿದಿದ್ದು ಒಂದೇ ತೊಡಕು. ನಮ್ಮವರು ಮಲಗುವುದಿಲ್ಲ. ಹಡಗು ಸಮುದ್ರದಲ್ಲಿರುವಾಗ ಸಾರಂಗ ಹೇಗೆ ಮಲಗುತ್ತಾನೆ? ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕಿಟಕಿಯ ಸರಳು ಎಳೆದು ನೋಡುತ್ತಾರೆ, ಬಾಗಿಲ ಚಿಲಕ ಅಲುಗಾಡಿಸುತ್ತಾರೆ. ನಾನಿಲ್ಲದ ದಿನಗಳಲ್ಲಿ ತುಳಸಿದಾಸ ಒಬ್ಬನೇ ಹೇಗೆ ಸುಧಾರಿಸುತ್ತಾನೆ? ಆಗ ಬಳಗಕ್ಕೆ ಒಂದು ಉಪಾಯ ಹೊಳೆಯಿತು. ಹಡಗನ್ನು ದಡ ಸೇರಿಸಿಬಿಡುವುದು! ಊರು ಬಂತು, ಇಳಿಯಿರಿ ಎಂದರೆ ಅವರೂ ನಿಶ್ಚಿಂತೆಯಿಂದ ಮಲಗುತ್ತಾರೆ, ಎಲ್ಲರಿಗೂ ಬಿಡುವು. ಹಡಗಿನ ಹುಚ್ಚರಿಗಲ್ಲದೆ ಬೇರೆ ಯಾರಿಗೂ ಇಂಥ ಯೋಚನೆ ಬರುತ್ತಿರಲಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಮೂವರೂ ಬಂದರು. ತುಳಸಿದಾಸ ದೋಣಿಯ ಹಾರ್ನು ಬಿಚ್ಚಿ ತಂದು ಅಂಗಳದಲ್ಲಿ ಊದಿದ. ವಿನೋದ ಜಗಲಿಯ ಕಂಬಕ್ಕೆ ಹಗ್ಗ ಎಸೆದು ಬಿಗಿದ. ಮಾದೇವಿ ಗೇಟಿನ ಹತ್ತಿರ ಕೂತು "ಬಂಗ್ಡೆ, ತಾರ್ಲೆ" ಎಂದು ಬಂದರಿನಲ್ಲಿ ಮೀನು ಮಾರುವವಳ ಹಾಗೆ ಕೂಗಿದಳು. ನನಗೂ ಒಂದು ಪಾತ್ರ ಇತ್ತು. ಹಿಂದೆ ಅವರು ರಜೆಯ ಮೇಲೆ ಬರುವಾಗ ಕಾಲು ತೊಳೆಯಲು ತಂಬಿಗೆಯಲ್ಲಿ ಬಿಸಿನೀರು ಹಿಡಿದು ಮೆಟ್ಟಿಲ ಬಳಿ ನಿಲ್ಲುತ್ತಿದ್ದೆನಲ್ಲ, ಹಾಗೆಯೇ ನಿಲ್ಲಬೇಕಂತೆ. ಮಾದೇವಿ ಹಟ ಹಿಡಿದು ಹಸಿರು ಇಳಕಲ್ ಸೀರೆ ಉಡಿಸಿದಳು, ಅಬ್ಬಲಿ ಹೂ ಮುಡಿಸಿದಳು. ನಾಚಿಕೆಯಾಯಿತು. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಖುಷಿಯೂ ಆಯಿತು.

"ಸಾರಂಗಾ, ಕಾರವಾರ ಬಂತು! ಇಳೀರಿ, ಮನೇಲಿ ಕಾಯ್ತಾ ಇದ್ದಾರೆ" ಎಂದು ತುಳಸಿದಾಸ ಕೈ ಚಾಚಿದ.

ಉಪಾಯ ಫಲಿಸಲಿಲ್ಲ. ಅವರು ಇಳಿಯಲಿಲ್ಲ. ಕಂಬ ತಬ್ಬಿಕೊಂಡು ನಿಂತುಬಿಟ್ಟರು, ಅತ್ತರು. ಏನೇನೋ ಮಾತಾಡಿದರು, ಆ ಸ್ಥಿತಿಯಲ್ಲಿ ಆಡುವ ಮಾತಿಗೆ ಅರ್ಥ ಹುಡುಕಬಾರದು. ಕಡೆಗೆ ವಿನೋದ ಹಗ್ಗ ಬಿಚ್ಚಿದ, ತುಳಸಿದಾಸ ಮತ್ತೊಮ್ಮೆ ಹಾರ್ನು ಊದಿ "ಹೊರಟಿತು ಸಾರಂಗ" ಎಂದ. ಆಗ ಸಮಾಧಾನವಾಯಿತು. ಮಾದೇವಿ ಒಳಗೆ ಹೋಗಿ ಯಾರೂ ಕೇಳದಿದ್ದರೂ ಚಹಾ ಮಾಡಿದಳು. ಎಲ್ಲರೂ ಕುಡಿದು ಎದ್ದರು.

ಮರುದಿನ ನಾನು ವಿನೋದನಿಗೆ ಹೇಳಿದೆ, ನನ್ನ ಹೆಸರು ತೆಗೆದುಬಿಡು ಎಂದು. ಮೊಣಕಾಲು ನೋವು, ಹಡಗಿನ ಏಣಿ ಹತ್ತಲಾರೆ. ಬಿಸಿಲು ಆಗುವುದಿಲ್ಲ. ನದಿಯ ಮೇಲೇ ತಲೆ ಸುತ್ತುತ್ತದೆ, ಸಮುದ್ರದ ಮೇಲೆ ಕೇಳುವುದೇ ಬೇಡ. ಇವರನ್ನು ಬಿಟ್ಟು ಹೋಗಲು ಮನಸ್ಸೂ ಇಲ್ಲ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಮಾದೇವಿ ಬಿಡುವವಳೇ? "ಯಾವ ಮೊಣಕಾಲು? ಮೊನ್ನೆ ಮಾರ್ಕೆಟ್ಟಲ್ಲಿ ನನ್ನಿಂದ ಮುಂದೆ ಹೋದ ಮೊಣಕಾಲೇ ಅಲ್ವಾ ಅದು? ನೀ ಬರದಿದ್ರೆ ನಾನೂ ಹೋಗೂದಿಲ್ಲ" ಎಂದಳು. ಅವಳು ಹೋಗದಿದ್ದರೆ ವಿನೋದನೂ ಹಿಂದೆ ಸರಿಯುತ್ತಾನೆ. ಎಷ್ಟೋ ವರ್ಷದಿಂದ ಬಾಯಿ ಚಪ್ಪರಿಸುತ್ತ ಕಾದ ಪ್ರವಾಸ ನನ್ನಿಂದ ಮುರಿಯುತ್ತದೆ. ಈಗಾಗಲೇ ಅವರಿಗೆ ನನ್ನ ಭಾರ ಸಾಕಷ್ಟಾಗಿದೆ, ಇದೂ ಬೇಡ.

ಅದಕ್ಕೆ ನಿನ್ನಲ್ಲಿ ಕೇಳಿಕೊಳ್ಳುತ್ತೇನೆ. ನನ್ನ ಜಾಗದಲ್ಲಿ ನೀನು ಹೋಗು. ತುಳಸಿದಾಸನನ್ನು ಕಳಿಸೋಣವೆಂದರೆ, ಅವನಿಲ್ಲದೆ ನಮ್ಮವರನ್ನು ಸಂಭಾಳಿಸಲು ನನ್ನೊಬ್ಬಳಿಂದ ಆಗುವುದಿಲ್ಲ. ನೀನು ಬರುತ್ತೀ ಎಂದರೆ ಮಾದೇವಿ ಒಪ್ಪುತ್ತಾಳೆ, ನಿನ್ನ ಜೊತೆ ಜಗಳವಾಡದೆ ಅವಳ ನಾಲಿಗೆಗೆ ತುಕ್ಕು ಹಿಡಿದಿದೆ. ಹೆಸರು ಬದಲಿಸಲು ಇನ್ನೂ ಸಮಯವಿದೆ ಎಂದು ವಿನೋದ ಹೇಳಿದ್ದಾನೆ. ತಡ ಮಾಡದೆ ಫೋಟೊ ಕಳಿಸು, ಕಣ್ಣು ಬಿಟ್ಟುಕೊಂಡಿರುವ ಫೋಟೊ. ಕೂಸನ್ನು ಕೆಲವು ದಿನ ಅಳಿಯ ನೋಡಿಕೊಳ್ಳಲಿ, ಅವನಿಗೂ ಕೈಯಿದೆ.

ಕವಿತಾಳಿಗೆ ನನ್ನ ಆಶೀರ್ವಾದ ಹೇಳು. ಎದೆಹಾಲಿಗೆ ಸಬ್ಬಸಿಗೆ ಸೊಪ್ಪು ತಿನ್ನಲಿ. ಕೂಸಿಗೆ ಆಯುಷ್ಯ, ಆರೋಗ್ಯ, ಒಳ್ಳೆಯ ಬುದ್ಧಿ ಬರಲಿ, ನಿನ್ನ ಕಿವಿ ಮಾತ್ರ ಬರದಿರಲಿ. ನಿನ್ನನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನವಳೇ ಆದ
ಜಯಂತಿ

ತಾ.ಕ.: ಕಾಗದ ಮಡಿಸಿ ಲಕೋಟೆಗೆ ಹಾಕಿದವಳು ಮತ್ತೆ ತೆಗೆದೆ. ನಿನಗೂ ಮೊಣಕಾಲಿನ ಕಥೆ ಹೇಳಿ ಕಳಿಸಿದರೆ ಇನ್ನು ಯಾರಿಗೆ ನಿಜ ಹೇಳಲಿ?

ಅವರ ಮಾತಿಗೆ ಅರ್ಥವಿಲ್ಲ ಎಂದು ಬರೆದೆನಲ್ಲ, ಅರ್ಥವಿತ್ತು. ಕಳೆದ ಕೆಲವು ತಿಂಗಳಿಂದ ನನ್ನ ಗುರುತೇ ಇಲ್ಲದವರು ಅಂದು ತಂಬಿಗೆ ಹಿಡಿದು ನಿಂತ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ತುಳಸಿದಾಸನ ಕೈ ಹಿಡಿದುಕೊಂಡು, "ಅಲ್ಲಿ ನಿಂತೋಳು ಜಯಂತಿ ಅಲ್ವಾ? ನನ್ನ ಇಳಿಸಬೇಡ ತುಳಸಿ. ಮನೆಗೆ ಹೋಗಿ ಎಂತ ಮಾಡೂದು? ಯಾವಾಗ್ಲೂ ಹೇಳೋ ಹಾಗೇ ಹೇಳ್ಬಿಡು, ಸಾರಂಗರಿಗೆ ರಜೆ ಸಿಗ್ಲಿಲ್ಲ ಅಂತ" ಎಂದರು. ಮಗುವಿನ ಹಾಗೆ ಅತ್ತು ಬೇಡಿಕೊಂಡರು.

ನಿನಗೆ ನೆನಪಿರಬೇಕು. ಅವರ ಹಡಗು ನಮ್ಮ ಬಂದರಿಗೇ ಬಂದು ನಿಂತಾಗಲೂ ಎಷ್ಟೋ ಸಲ ಅವರು ಇಳಿಯುತ್ತಿರಲಿಲ್ಲ. ಲಾಂಚು ನಡೆಸುತ್ತಿದ್ದ ತುಳಸಿದಾಸ ಬಂದು "ರಜೆ ಸಿಗ್ಲಿಲ್ಲ ವೈನಿ" ಎಂದು ಹೇಳಿ ಹೋಗುತ್ತಿದ್ದ. ನಾನು ಪ್ರಗತಿಯನ್ನು ಎತ್ತಿಕೊಂಡು ಕಡಲ ದಂಡೆಗೆ ಹೋಗಿ, ಅದೋ ಅದರಲ್ಲಿ ಅಪ್ಪ ಇದ್ದಾರೆ ಎಂದು ತೋರಿಸುತ್ತಿದ್ದೆ. ಪಾಪ, ಇಷ್ಟು ಹತ್ತಿರ ಬಂದರೂ ಬಿಡುವುದಿಲ್ಲವಲ್ಲ ಎಂದು ಹಡಗಿನ ಕಪ್ತಾನನಿಗೆ ಶಾಪ ಹಾಕುತ್ತಿದ್ದೆ.

ತುಳಸಿದಾಸನನ್ನು ನಾನು ಏನೂ ಕೇಳಿಲ್ಲ. ಅವನೂ ಹೇಳಿಲ್ಲ. ಮರುದಿನ ಬೆಳಿಗ್ಗೆ ಪಾಳಿಗೆ ಬರುತ್ತಾನೋ ಇಲ್ಲವೋ ಅಂದುಕೊಂಡಿದ್ದೆ, ಬಂದ. ಚಪ್ಪಲಿ ಬಿಟ್ಟು ಮೆಟ್ಟಿಲ ಮೇಲೆ ತುಂಬ ಹೊತ್ತು ನಿಂತ. ನಾನೇ "ಒಳಗೆ ಬಾ, ಚಹಾ ಆರುತ್ತದೆ" ಎಂದೆ. ಆ ದಿನಗಳ ಸುಳ್ಳಿಗೆ ಅವನನ್ನು ಬೈದರೆ, ಈ ದಿನಗಳಲ್ಲಿ ನಮ್ಮವರಿಗೆ ಸ್ನಾನ ಮಾಡಿಸುವವರು ಯಾರು? ಸಿಟ್ಟು ಮಾಡಲೂ ಮೈಯಲ್ಲಿ ತ್ರಾಣ ಬೇಕು ಹೀರಾ.

ಹಡಗು ಮತ್ತೆ ಹೊರಟಿತೆಂದು ಹೇಳಿದ ಮೇಲೆ ನಮ್ಮವರು ಚೆನ್ನಾಗಿ ಉಣ್ಣುತ್ತಿದ್ದಾರೆ. ನಿನ್ನೆ ಗುನುಗುತ್ತಿದ್ದರು. ಮನೆಯಲ್ಲಿದ್ದ ದಿನಗಳಲ್ಲಿ ಅವರು ಗುನುಗಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ನೀನು ಹೋಗಿ ಬಾ. ಬಂದ ಮೇಲೆ ಎಲ್ಲ ಬರೆ. ಊಟ ಹೇಗಿತ್ತು, ಮಂಚ ಎಷ್ಟಗಲ, ಕಿಟಕಿಯಿಂದ ಏನು ಕಾಣುತ್ತದೆ, ಮಾದೇವಿ ಎಷ್ಟು ಸಲ ವಾಂತಿ ಮಾಡಿಕೊಂಡಳು, ಎಲ್ಲ. ಇಳಿಯಲು ಮನಸ್ಸೇ ಬರಲಿಲ್ಲ ಎಂದು ಮಾತ್ರ ಬರೆಯಬೇಡ.